ಚರಂಡಿಯಲ್ಲಿ ಸಿಕ್ಕ ಜರ್ಮನ್

ಚಲಪತಿಗೆ ಕಷ್ಟವೆಲ್ಲ ಬರುತ್ತಿದ್ದದ್ದು ಕಿವಿಯ ದಾರಿಯಲ್ಲೇ. ಯಾವ ಜೀವ ನರಳಿದ್ದು ಕೇಳಿಸಿದರೂ ಕಾಲು ತಾನೇ ಆ ಕಡೆ ತಿರುಗುತ್ತಿತ್ತು. ಅವತ್ತು ಬೆಳಿಗ್ಗೆ ಜಂಗಮಕೋಟೆ ಡೇರಿಗೆ ಹಾಲು ಹಾಕಿ ಬರುವಾಗ ಚರಂಡಿಯೊಳಗಿಂದ ಕುಂಯ್ ಅಂತ ಕೇಳಿಸಿತು. ಬಗ್ಗಿ ಎತ್ತಿದರೆ ನಾಯಿಮರಿ. ಮೂತಿಯಿಂದ ಬಾಲದ ತನಕ ಕರೀ ಕೆಸರು, ಕೆಂಡದಲ್ಲಿ ಸುಟ್ಟ ಬದನೇಕಾಯಿ ಥರ.

ಹೆಂಡತಿ ರಾಧಾಮಣಿ ಅಂಗಳದಲ್ಲೇ ತಡೆದಳು. ಒಳಗೆ ರೇಷ್ಮೆ ಹುಳ ಇನ್ನೇನು ಹಣ್ಣಾಗಿ ಗೂಡು ಕಟ್ಟುವುದರಲ್ಲಿತ್ತು. ಅಂಥ ಹೊತ್ತಲ್ಲಿ ಅವಳು ನೆಂಟರನ್ನೂ ಕಾಲು ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ. ಮೇಲಾಗಿ ಅವಳ ಮನಸ್ಸೂ ಸರಿಯಿರಲಿಲ್ಲ. ಗೌರಿ ಹಬ್ಬ ಕಳೆದು ವಾರವಾದರೂ ಸಾದಲಿಯ ತವರಿನಿಂದ ಬಾಗಿನ ಬಂದಿರಲಿಲ್ಲ. ತಮ್ಮ ಮುರಳಿಮೋಹನ್ ಮರೆತೇಬಿಟ್ಟಿದ್ದ.

"ತವರಿಂದ ಒಂದು ಚಿಟಿಕೆ ಕುಂಕುಮ ಬರ್ಲಿಲ್ಲ, ಗಂಡ ನೋಡಿದ್ರೆ ಚರಂಡಿಯಿಂದ ಉಡುಗೊರೆ ತಂದವ್ರೆ," ಅಂದಳು. "ದೀಪ ಹಚ್ಚೋ ಹೊತ್ತಿಗೆ ಅದಾದ್ರೂ ಮನೆ ಹೊರಗಿರ್ಬೇಕು, ನೀವಾದ್ರೂ ಇರ್ಬೇಕು. ಇಬ್ಬರಲ್ಲಿ ಒಬ್ರು."

"ಲಾರಿ ಓಡಾಡೋ ರಸ್ತೆ ಕಣೇ, ಇಷ್ಟು ಪುಟ್ಟದನ್ನ ಎಲ್ಲಿ ಬಿಡ್ಲಿ?"

"ಬಿಡಿ ಅಂದೋರ್ಯಾರು? ಹೆಣ್ಣಿಗೆ ಮನೆ ಹುಡುಕ್ದಂಗೆ ಹುಡುಕಿ."

ಚಲಪತಿ ಮರಿಯನ್ನು ತನ್ನ ಲಗೇಜ್ ಆಟೊದಲ್ಲಿ ಕೂರಿಸಿಕೊಂಡು ಬಯ್ಯಪ್ಪನ ಟೀ ಅಂಗಡಿಗೆ ಹೋದ. ಅಲ್ಲಿ ಡ್ರಮ್ಮಿನ ತಣ್ಣೀರು ಸುರಿದು, ಪಾತ್ರೆ ಸೋಪು ಹಾಕಿ ತಿಕ್ಕಿದ. ಮರಿ ಕುಂಯ್ ಅನ್ನಲಿಲ್ಲ. ಸುಮ್ಮನೆ ಅವನ ಮುಖವನ್ನೇ ನೋಡುತ್ತಿತ್ತು, ಸಾಕ್ಷಿ ಹೇಳಲು ಗುರುತಿಟ್ಟುಕೊಳ್ಳುವವರ ಹಾಗೆ. ಕೆಸರೆಲ್ಲ ಇಳಿದಾಗ ಹೊರಬಂದದ್ದು ಬೇರೆಯೇ ಪ್ರಾಣಿ. ಬೆಲ್ಲದ ಬಣ್ಣ, ಬಿಳೀ ಪಾದ, ಒಂದು ಕಿವಿ ಸೆಟೆದು ನಿಂತಿದೆ, ಇನ್ನೊಂದು ಜೋತುಬಿದ್ದಿದೆ.

ಬಯ್ಯಪ್ಪ ಟೀ ಸೋಸುತ್ತ ತೀರ್ಪು ಕೊಟ್ಟ: "ನಿಂತಿರೋ ಕಿವಿ ಜರ್ಮನ್ನು, ಬಿದ್ದಿರೋ ಕಿವಿ ಜಂಗಮಕೋಟೆ. ಬೆರಕೆ ಮಾಲು."

"ನಿಂತಿರೋ ಕಿವಿ ವಿಷಯ ಮಾತ್ರ ಹೇಳಿದ್ರೆ ಸುಳ್ಳಾಗುತ್ತೇನಣ್ಣ?"

"ಅರ್ಧ ಸುಳ್ಳು. ಹಾಲಿಗೆ ನೀರು ಬೆರೆಸ್ದಂಗೆ. ಎಲ್ರೂ ಕುಡೀತಾರೆ."

ಚಲಪತಿಗೆ ರೆಕ್ಕೆ ಬಂದ ಹಾಗಾಯಿತು. ಮೊದಲು ಹೋದದ್ದು ದಿನಸಿ ಅಂಗಡಿ ಅಕ್ಕಯ್ಯಮ್ಮನ ಹತ್ತಿರ. ಅವಳು ಕೇಳಿದ್ದು ಒಂದೇ: "ಬೊಗಳುತ್ತಾ?" ಅಷ್ಟಕ್ಕೇ ಬೀದಿಯೆಲ್ಲ ಸೇರಿತು. ಒಬ್ಬರು ಡಬ್ಬ ಬಡಿದರು, ಇನ್ನೊಬ್ಬರು ಬಾಲ ಎಳೆದರು. ಮರಿ ಆಕಳಿಸಿತು. ಕೊನೆಗೆ ಪಕ್ಕದ ಮನೆ ಕೊಂಡಪ್ಪ, ಹೇಳಿಕೊಡುತ್ತೀನಿ ಇರಿ ಅಂತ ಕುಕ್ಕರಗಾಲಲ್ಲಿ ಕೂತು ತಾನೇ ಬೊಗಳಿದ. ಎಷ್ಟು ಚೆನ್ನಾಗಿ ಬೊಗಳಿದನೆಂದರೆ ಮೂರು ಬೀದಿಯ ನಾಯಿಗಳು ಉತ್ತರ ಕೊಟ್ಟವು.

"ನಾಯಿ ಬ್ಯಾಡಪ್ಪ," ಅಂದಳು ಅಕ್ಕಯ್ಯಮ್ಮ. "ನಂಗೆ ಕೊಂಡಪ್ಪನೇ ಸಾಕು."

ಬಿಸಿಲು ಇಳಿಯುತ್ತಿತ್ತು. ಚಲಪತಿ ಆಟೊ ಓಡಿಸಿಕೊಂಡು ದಿಬ್ಬೂರಹಳ್ಳಿಗೇ ಹೋದ. ಅಲ್ಲಿ ಹಿಪ್ಪುನೇರಳೆ ಸೊಪ್ಪು ಮಾರುವ ಕೋನಪ್ಪ ತೋಟಕ್ಕೊಂದು ನಾಯಿ ಬೇಕು ಅನ್ನುತ್ತಿದ್ದ.

"ಜರ್ಮನ್ ರಕ್ತ ಕೋನಪ್ಪಣ್ಣ."

"ಸದ್ದೇ ಇಲ್ವಲ್ಲಪ್ಪ ಇದ್ರದ್ದು."

"ನಮ್ಮ ಬೀದಿ ನಾಯಿಗಳ ಹಂಗೆ ಸುಮ್ಮಸುಮ್ಮನೆ ಬೊಗಳೋ ಜಾತಿ ಅಲ್ಲ ಅಣ್ಣ. ಕಳ್ಳನ್ನ ಕಂಡ್ರೆ ಮಾತ್ರ."

ಕೋನಪ್ಪ ಮರಿಯನ್ನು ಎದೆಗವುಚಿಕೊಂಡ. ಚಲಪತಿಯ ಕಣ್ಣು ಒಂಚೂರು ಮಂಜಾಯಿತು. ಆದರೂ ಗೆದ್ದ ಖುಷಿಗೆ ಹೆಂಡತಿಗೊಂದು ಮೊಳ ಮಲ್ಲಿಗೆ ಕೊಂಡ. ದಾರಿಯಲ್ಲಿ ಟೈರು ಪಂಚರ್ ಆಯಿತು. ಅದಕ್ಕೂ ಬೇಜಾರಾಗಲಿಲ್ಲ, ಶಿಳ್ಳೆ ಹಾಕುತ್ತಲೇ ಚಕ್ರ ಬಿಚ್ಚಿದ.

ಮನೆ ಮುಟ್ಟುವಾಗ ದೀಪ ಹಚ್ಚಿಯಾಗಿತ್ತು. ಬಾಗಿಲಲ್ಲಿ ಮುರಳಿಮೋಹನನ ಬೈಕು. ನಡುಮನೆಯಲ್ಲಿ ಬಾಗಿನದ ಮೊರ. ಮೊರದೊಳಗೆ, ಹಣೆಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಒಂದು ಕಿವಿ ನಿಂತು ಒಂದು ಕಿವಿ ಬಿದ್ದು, ಅದೇ ಮರಿ.

"ಬನ್ನಿ ಬಾವ," ಅಂದ ಮುರಳಿಮೋಹನ್. "ಸೊಪ್ಪಿಗೆ ಅಂತ ಕೋನಪ್ಪನ ಮನೆಗೆ ಹೋಗಿದ್ದೆ. ಮನೇಲಿ ಹಸುಗೂಸಿದೆ, ನಾಯಿ ಬ್ಯಾಡ ಅಂತ ಅವನ ಹೆಂಡ್ತಿ ಕೂಗಾಡ್ತಿದ್ಲು. ಯಾವುದೋ ಬಂಗಲೆದು, ಪೂರ್ತಿ ಜರ್ಮನ್ ಅಂದ ಕೋನಪ್ಪ. ಕಾಡಿಬೇಡಿ ತಂದೆ. ಹಬ್ಬಕ್ಕೆ ಮರೆತಿದ್ನಲ್ಲ, ಅಕ್ಕಂಗೆ ಈ ಸಲ ಇದೇ ಬಾಗಿನ."

"ಇದು..." ಅಂತ ಚಲಪತಿ ಬಾಯಿ ತೆರೆದ.

ರಾಧಾಮಣಿ ಸೆರಗಲ್ಲಿ ಕಣ್ಣೊರೆಸಿಕೊಂಡಳು. "ತಡವಾದ್ರೂ ನಮ್ಮ ತವರಿನೋರು ಮರ್ಯಾದೆ ಉಳಿಸಿದ್ರು. ಹುಳಕ್ಕೆ ಇಲಿ ಕಾಟ ಇತ್ತು, ಕಾವಲೂ ಆಯ್ತು. ನೀವು ಬೆಳಿಗ್ಗೆ ತಂದ ಆ ಕರೀದೆಲ್ಲಿ, ಈ ಬಂಗಾರ ಎಲ್ಲಿ?"

ಚಲಪತಿ ಬಾಯಿ ಮುಚ್ಚಿದ. ಹೋಗಲಿ, ಮರಿಗೂ ಮನೆ ಸಿಕ್ಕಿತು, ತನಗೂ ಉಳಿಯಿತು. ನಿರಾಳವಾಗಿ ಹೊಸ್ತಿಲೊಳಗೆ ಒಂದು ಕಾಲಿಟ್ಟ.

ಮರಿ ತಲೆಯೆತ್ತಿ ನೋಡಿತು. ತಣ್ಣೀರು ನೆನಪಾಯಿತೋ ಏನೋ, ಮೊರದಿಂದ ನೆಗೆದು, ಬಾಗಿಲಿಗೆ ಅಡ್ಡ ನಿಂತು, ಅವತ್ತು ಮೊದಲ ಸಲ ಬೊಗಳಿತು. ನಿಲ್ಲಿಸಲೇ ಇಲ್ಲ.

ಮುರಳಿಮೋಹನನ ಮುಖ ಚಿಕ್ಕದಾಯಿತು. "ಅಕ್ಕ, ಇದು ಕಳ್ಳನ್ನ ಕಂಡ್ರೆ ಮಾತ್ರ ಬೊಗಳುತ್ತಂತೆ."

ರಾಧಾಮಣಿ ಗಂಡನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. "ಇಡೀ ದಿನ ಎಲ್ಲೋಗಿದ್ರಿ? ಕೈಲೇನದು?"

"ಮಲ್ಲಿಗೆ."

"ಮದುವೆಯಾದಾಗಿನಿಂದ ತರದೆ ಇದ್ದೋರು ಇವತ್ತು ಯಾಕೆ ತಂದ್ರಿ? ಅದು ಒಪ್ಪೋವರ್ಗೂ ಜಗಲಿ ಮೇಲೇ ಕೂತಿರಿ."

ಬಾಗಿಲು ಅರ್ಧ ಮುಚ್ಚಿತು. ಒಳಗೆ ದೀಪ ಉರಿಯುತ್ತಿತ್ತು, ಮರಿ ಹಾಲು ನೆಕ್ಕುತ್ತಿತ್ತು. ಚಲಪತಿ ಮಲ್ಲಿಗೆ ಹಿಡಿದು ಜಗಲಿಯ ಮೇಲೆ ಕೂತ. ರಾಧಾಮಣಿ ಬೆಳಿಗ್ಗೆ ಹೇಳಿದ್ದ ಹಾಗೆಯೇ, ಇಬ್ಬರಲ್ಲಿ ಒಬ್ಬರು ಹೊರಗಿದ್ದರು.