ಚೆಕ್‌ರೋಲಿನಲ್ಲಿ ರಾಜು

ಕೊಟ್ಟಿಗೆಹಾರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಕೆಲಸಗಾರರ ಹಾಜರಿ ಹಾಕುವುದು, ಸಾಹುಕಾರರಿಂದ ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಈಚೆಗೆ ದೇಶದ ಭದ್ರತೆಯೂ ನನ್ನ ತಲೆಗೇ ಬಂದಿದೆ. ಅದಾದ ಮೇಲೆ ನಗುವಂಥ ಸಂಗತಿಗಳಿಗೆ ಬರವಿಲ್ಲ, ನಗಲು ಮನಸ್ಸು ಬರುವುದಿಲ್ಲ ಅಷ್ಟೆ.

೧. ಕೆಂಪು ಹೂವು

ಅಸ್ಸಾಮಿನ ಕೆಲಸಗಾರರು ಬಂದು, ಸಾಲಾಗಿ ಕಟ್ಟಿದ ಲೈನ್ ಮನೆಗಳು ತುಂಬಿದ ಮೇಲೆ ಸಾಹುಕಾರರಿಗೆ ದಿಗಿಲು ಹತ್ತಿತು. ಲೈನಿನ ಎದುರು ಕ್ಯಾಮೆರಾ ಹಾಕಿಸಿ, ಚಿಕ್ಕಮಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ನೋಡತೊಡಗಿದರು. ಅದು ಸರಿಯಾಗಿ ಹೆಂಗಸರ ಬಚ್ಚಲಿನ ಕಡೆಗೇ ಮುಖ ಮಾಡಿತ್ತು.

"ಸ್ವಲ್ಪ ತಿರುಗಿಸೋಣ ಸಾರ್" ಅಂದೆ.

"ತಪ್ಪು ಮಾಡದವ್ರಿಗೆ ಭಯ ಯಾಕ್ರೀ?" ಅಂದರು.

ನಾನೂ ತಲೆಯಾಡಿಸಿದೆ. ನಾನು ಸ್ನಾನ ಮಾಡುವುದು ಬೇರೆ ಕಡೆ.

ಲೈನಿನ ಮುದುಕಿಯೊಬ್ಬಳು ಕ್ಯಾಮೆರಾದ ಮೇಲೆ ತನ್ನ ಹೂವಿನ ಸೀರೆ ಒಣಹಾಕಿದಳು. ಮೂರು ದಿನವಾದರೂ ತೆಗೆಯಲಿಲ್ಲ. ಸಾಹುಕಾರರ ಫೋನು ಬಂತು.

"ಏನ್ರೀ, ಬರೀ ಹೂವು ಕಾಣ್ತಿದೆ?"

"ಬ್ಲಾಸಮ್ ಟೈಮ್ ಅಲ್ವಾ ಸಾರ್."

"ಕಾಫಿ ಗಿಡ ಯಾವಾಗಿಂದ್ರೀ ಕೆಂಪು ಹೂವು ಬಿಡೋಕೆ ಶುರು ಮಾಡಿದ್ದು?"

೨. ನಾಮಕರಣ

ಆ ಅಸ್ಸಾಮಿನವರಲ್ಲಿ ಹಬೀಬುರ್ ರೆಹಮಾನ್ ಎಂಬವನಿದ್ದ. ಏಣಿ ಹತ್ತಿ ಕಾಳುಮೆಣಸು ಕೊಯ್ಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಬೆಳಿಗ್ಗೆ ಎಂಬತ್ತು ಜನರ ಹೆಸರು ಕೂಗುವ ನನಗೆ ಅಷ್ಟುದ್ದದ ಹೆಸರು ಬೇಜಾರು. ಬಂದ ದಿನವೇ, "ನೀನು ರಾಜು ಮಾರಾಯ" ಎಂದು ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಬರೆದುಬಿಟ್ಟೆ. ರೈಟರುಗಳ ಹಳೇ ಚಾಳಿ ಇದು. 'ಕುಳ್ಳ', 'ಘಟ್ಟದ ಕೆಳಗಿನವಳು' ಕೂಡ ನಮ್ಮ ಪುಸ್ತಕದಲ್ಲಿದ್ದಾರೆ. ಆರು ವರ್ಷ ಅವನು ರಾಜುವಾಗಿಯೇ ಕೈ ಎತ್ತಿದ.

ಹೊರಗಿನಿಂದ ಬಂದವರ ಪಟ್ಟಿ ಕೊಡಿ ಎಂದು ಪೊಲೀಸ್ ಸ್ಟೇಷನ್ನಿನಿಂದ ಹೇಳಿಕಳಿಸಿದರು. ನಾನು ಚೆಕ್‌ರೋಲ್, ಆಧಾರ್ ಜೆರಾಕ್ಸ್ ಎರಡನ್ನೂ ಒಯ್ದು ಇಟ್ಟೆ.

"ಒಬ್ಬನಿಗೆ ಎರಡು ಹೆಸರು. ಗಡಿಯಾಚೆಯವನೇ ಇರ್ಬೇಕು, ಹೆಸರು ಮುಚ್ಚಿಟ್ಟಿದಾನೆ" ಅಂದರು ಎಸ್‌ಐ ಸಾಹೇಬರು.

"ಮುಚ್ಚಿಟ್ಟಿದ್ದು ನಾನು ಸಾರ್."

"ಹಾಗಾದ್ರೆ ನಿಮಗೂ ಒಂದು ಫಾರಂ ಇದೆ, ಕೂತ್ಕೊಳ್ಳಿ."

ನಾನು ಕೂರಲಿಲ್ಲ. ತಮಾಷೆಗೆ ಹೇಳಿದೆ ಸಾರ್ ಎಂದು ಹಲ್ಲು ಕಿರಿದು, ಸಿಕ್ಕಿದ ಜೀಪು ಹತ್ತಿ ಬಂದುಬಿಟ್ಟೆ.

೩. ಗೊತ್ತಿದ್ದವರು

ಮಾರನೇ ದಿನವೇ ಅವನನ್ನು ಕರೆದೊಯ್ದರು. ಸ್ಟೇಷನ್ನಿನಲ್ಲಿ "ಹಬೀಬುರ್ ರೆಹಮಾನ್" ಎಂದು ಕೂಗಿದರೆ ಅವನು ಸುಮ್ಮನೆ ಕೂತಿದ್ದನಂತೆ. ಆರು ವರ್ಷದಿಂದ ಯಾರೂ ಕೂಗದ ಹೆಸರು. ಸ್ವಂತ ಹೆಸರೇ ಗೊತ್ತಿಲ್ಲವಲ್ಲ, ಇನ್ನೇನು ಸಾಕ್ಷಿ ಬೇಕು ಎಂದರಂತೆ.

ಅವನ ಹೆಂಡತಿ ನನ್ನ ಬಾಗಿಲಿಗೆ ಬಂದಳು. "ರೈಟರ್ ಸಾರ್, ಅವರನ್ನ ಗಡಿಯಾಚೆ ಆ ದೇಶಕ್ಕೆ ದಾಟಿಸ್ತಾರಂತೆ. ಅಲ್ಲಿ ನಮಗೆ ಯಾರೂ ಗೊತ್ತಿಲ್ಲ. ನಿಮಗೆ ಯಾರಾದ್ರೂ ಗೊತ್ತಾ?"

ನನಗೆ ನಾಚಿಕೆಯಾಯಿತು, ನಿಜವಾಗಿ. ಅವಳ ಜೊತೆಯೇ ಸ್ಟೇಷನ್ನಿಗೆ ಹೋಗಿ, ಹೆಸರು ಬದಲಾಯಿಸಿದವನು ನಾನೇ ಎಂದು ಬರೆದು ಸಹಿ ಹಾಕಿದೆ.

"ಹೆಸರು ಬದಲಾಯಿಸಿ ನಿಮಗೇನು ಲಾಭ ಆಯ್ತು?" ಕೇಳಿದರು ಸಾಹೇಬರು.

"ಕೂಗೋ ಉಸಿರು ಉಳೀತು ಸಾರ್."

೪. ಹಾಜರಿ

ಅವನ ಊರಿನಿಂದ ಕಾಗದ ಬಂದು ಬಿಡುಗಡೆಯಾಗಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ನಾನು ಚೆಕ್‌ರೋಲ್ ತಿದ್ದಿದ್ದೆ. ಅವನು ಕೆಲಸಕ್ಕೆ ಬಂದ ಬೆಳಿಗ್ಗೆ, ಗಂಟಲು ಸರಿಮಾಡಿಕೊಂಡು, ಪೂರ್ತಿ ಹೆಸರು ಕೂಗಿದೆ: "ಹಬೀಬುರ್ ರೆಹಮಾನ್!"

ಹೊಸಬ ಯಾರು ಎಂದು ಎಂಬತ್ತು ಜನ ಸುತ್ತ ನೋಡಿದರು. ಅವನೂ ನೋಡಿದ. ಹೆಂಡತಿ ಮೊಣಕೈಯಿಂದ ತಿವಿದಳು. ಅವನು ಗಾಬರಿಯಿಂದ ಸಾಲು ಬಿಟ್ಟು ಬಂದು, ಸ್ಟೋರಿನ ಗೋಡೆಗೆ ಮುಖ ಮಾಡಿ, ಎರಡೂ ಕೈ ಮೇಲೆತ್ತಿ ನಿಂತ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಮಾತ್ರ, ಕೈ ಇಳಿಸು ಎಂದು ನಾನು ಹೇಳಲಿ ಅಂತ ಹಾಗೇ ಕಾಯುತ್ತಿದ್ದ.