ನಮ್ಮ ಜಿಲ್ಲೆಯ ಅಕ್ಷರ

ಪತ್ರಿಕೆಯವರಿಗೆ ಯಾವುದರ ಭಯ ಎಂದು ಜನ ಆಗಾಗ ಕೇಳುತ್ತಾರೆ. ಪುಢಾರಿಗಳದ್ದೋ, ಮರಳು ಸಾಗಿಸುವವರದ್ದೋ ಎಂಬ ಉತ್ತರ ಅವರಿಗೆ ಬೇಕಾಗಿರುತ್ತದೆ. ನನಗಿದ್ದ ಭಯ ಅಷ್ಟು ಗೌರವದ್ದಲ್ಲ. ನಮ್ಮ ಪತ್ರಿಕೆಯ ಐದನೇ ಪುಟದ ಕೆಳಗೆ, ಟೆಂಡರ್ ಪ್ರಕಟಣೆಗೂ ಕಳೆದುಹೋದ ಅಂಕಪಟ್ಟಿಯ ಪ್ರಕಟಣೆಗೂ ನಡುವೆ, ಆಗೊಮ್ಮೆ ಈಗೊಮ್ಮೆ ನಾಲ್ಕು ಸಾಲಿನ ಒಂದು ಚೌಕ ಬರುತ್ತಿತ್ತು. ಅದರ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ 'ತಿದ್ದುಪಡಿ' ಎಂದಿರುತ್ತಿತ್ತು. ಹದಿನೇಳು ವರ್ಷ ಹರಪನಹಳ್ಳಿಯಿಂದ ಸುದ್ದಿ ಕಳಿಸಿದ ನಾನು ಆ ಚೌಕದೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಇದನ್ನು ಯಾರ ಮುಂದೂ ಹೇಳಿಕೊಳ್ಳುತ್ತಿರಲಿಲ್ಲ ಎಂದು ಬರೆದರೆ ಅದಕ್ಕೂ ಒಂದು ತಿದ್ದುಪಡಿ ಹಾಕಬೇಕಾಗುತ್ತದೆ. ಹೆಂಡತಿ ಗಿರಿಜೆಯ ಮುಂದೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದೆ.

ಆ ದಾಖಲೆಗೆ ಕುತ್ತು ಬಂದದ್ದು ಒಂದು ಚಿಪ್ಪಿನಿಂದ. ತೆಂಗಿನ ಚಿಪ್ಪಲ್ಲ, ಕಂಪ್ಯೂಟರಿನ ಚಿಪ್ಪು.

ಗಿರಿಜೆಯ ತಮ್ಮ ಕೊಟ್ರೇಶ ಕೊಟ್ಟೂರಿನಲ್ಲಿ ಟಿ.ವಿ., ರೇಡಿಯೊ ರಿಪೇರಿಯ ಅಂಗಡಿ ಇಟ್ಟಿದ್ದ. ಕೊಟ್ಟೂರಿನ ಬೀದಿಯಲ್ಲಿ ನಿಂತು 'ಕೊಟ್ರೇಶಾ' ಎಂದು ಕೂಗಿದರೆ ಹತ್ತು ಮಂದಿ ತಿರುಗಿ ನೋಡುತ್ತಾರೆ. 'ಸರ್ಕೀಟ್ ಕೊಟ್ರೇಶ' ಎಂದರೆ ಮಾತ್ರ ಇವನೊಬ್ಬನೇ. ಹುಬ್ಬಳ್ಳಿಯಲ್ಲಿ ನಾಲ್ಕು ವರ್ಷ ತೂಕದ ಯಂತ್ರಗಳ ಸರ್ಕೀಟು ಮಾಡುವ ಕೆಲಸದಲ್ಲಿದ್ದು, ಊಟ ಸರಿಹೋಗಲಿಲ್ಲವೆಂಬ ಒಂದೇ ಕಾರಣಕ್ಕೆ ವಾಪಸು ಬಂದಿದ್ದ. ನಮ್ಮೂರಿನ ಬೀಜದಂಗಡಿಯ ವೀರಭದ್ರಪ್ಪನವರು ತಮ್ಮ ತಂದೆಯ ನೆನಪಿಗೆ ಬಸ್ ನಿಲ್ದಾಣಕ್ಕೆ ಏನಾದರೂ ಕೊಡಬೇಕೆಂದಾಗ, ಬಸ್ಸುಗಳ ಹೆಸರು ಕೆಂಪು ದೀಪದಲ್ಲಿ ಓಡುವ ಫಲಕವೊಂದನ್ನು ಮಾಡಿಸಿ ಎಂದು ಸಲಹೆ ಕೊಟ್ಟವನು ನಾನು. ಕೊಟ್ರೇಶನ ಹೆಸರು ಹೇಳಿದವನೂ ನಾನೇ.

ಅವನು ಆ ಕೆಲಸವನ್ನು ನನಗೆ ವಿವರಿಸಿದ ದಿನ ನಾನು ಅಭ್ಯಾಸದಂತೆ ನೋಟ್‌ಬುಕ್ ತೆರೆದಿದ್ದೆ. ಫಲಕದೊಳಗೆ ಅಂಗೈಯಗಲದ ಒಂದು ಬೋರ್ಡು. ಅದರ ಮೇಲೆ 'ಆರ್ಮ್' ಜಾತಿಯ ಪ್ರೊಸೆಸರು. ನಾನು 'ತೋಳು?' ಎಂದು ಬರೆದುಕೊಂಡದ್ದು ಈಗಲೂ ಆ ನೋಟ್‌ಬುಕ್ಕಿನಲ್ಲಿದೆ. ಕರೆಂಟು ಬಂದೊಡನೆ ಅದರಲ್ಲಿ ಎಲ್ಲಕ್ಕಿಂತ ಮೊದಲು ಏಳುವ ಸಣ್ಣ ಪ್ರೋಗ್ರಾಮಿಗೆ ಬೂಟ್‌ಲೋಡರ್ ಎನ್ನುತ್ತಾರಂತೆ.

"ಅಂದ್ರೇನಪ್ಪಾ?" ಎಂದೆ.

"ಮಾಮಾ, ಕಚೇರ್ಯಾಗ ಮುಂಜಾನಿ ಎಲ್ಲಾರಿಗಿಂತ ಮೊದ್ಲು ಬಂದು ಬಾಗ್ಲಾ ತೆಗಿಯೋ ಜವಾನ ಇರ್ತಾನಲ್ಲ, ಅವನಿದ್ದಂಗ ನೋಡ್ರಿ. ದೀಪಾ ಹಾಕ್ತಾನ, ಹಾಜರಿ ಪುಸ್ತಕಾ ತೆಗೀತಾನ, ನೀ ಯಾರು, ನೀ ಯಾರು ಅಂತ ಒಬ್ಬೊಬ್ಬರನ್ನ ಕೇಳ್ತಾನ. ಎಲ್ಲಾರೂ ಬಂದಾರಂದ್ರ ಆಮ್ಯಾಲೆ ಸಾಹೇಬನ್ನ ಕರೀತಾನ. ಪುಸ್ತಕದಾಗ ಹೆಸರಿಲ್ದೋನು ಬಂದು ಕುಂತಾನಂದ್ರ, ಮುಗೀತು. ಅಲ್ಲೇ ನಿಂತುಬಿಡ್ತಾನ. ಸಾಹೇಬನ್ನೂ ಕರೆಯಂಗಿಲ್ಲ, ಹೊರಗ ಹೋಗು ಅಂತನೂ ಅನ್ನಂಗಿಲ್ಲ."

ಅಂಥ ಒಬ್ಬ ಜವಾನನನ್ನು ಪರದೇಶದ ಪುಣ್ಯಾತ್ಮರು ಯಾರೋ ಬರೆದು ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿದ್ದರಂತೆ. ಕೊಟ್ರೇಶ ಹೊಸಪೇಟೆಗೆ ಹೋಗಿ ಸಿ.ಡಿ.ಯಲ್ಲಿ ತುಂಬಿಸಿಕೊಂಡು ಬಂದಿದ್ದ. ಅದರಲ್ಲಿ ಜಗತ್ತಿನ ಎಷ್ಟೋ ಬೋರ್ಡುಗಳ ಪಟ್ಟಿ ಇತ್ತು, ಇವನದಿರಲಿಲ್ಲ. ಎರಡು ತಿಂಗಳು ಕೂತು ತನ್ನ ಬೋರ್ಡಿನ ವಿವರಗಳನ್ನು ಒಂದೊಂದಾಗಿ ಸೇರಿಸಿ, ಆ ಪಟ್ಟಿಯ ಕೊನೆಗೆ 'ಕೊಟ್ಟೂರು' ಎಂದು ಹೆಸರು ಬರೆದ. ಅಂಗಡಿಯಲ್ಲಿಟ್ಟುಕೊಂಡಿದ್ದ ಪರೀಕ್ಷೆಯ ಬೋರ್ಡಿನಲ್ಲಿ ಎಲ್ಲವೂ ನಡೆಯಿತು. ಅಷ್ಟರಲ್ಲಿ ಫಲಕಕ್ಕೆ ಹಾಕುವ ನಿಜವಾದ ಬೋರ್ಡನ್ನು ಕಳಿಸಿದ ವ್ಯಾಪಾರಿ, ಹಳೆಯ ಮಾದರಿಯ ಮೆಮೊರಿ ಚಿಪ್ಪು ಸಿಗಲಿಲ್ಲವೆಂದು ಅದರಲ್ಲಿ ಬೇರೊಂದನ್ನು ಕೂರಿಸಿಬಿಟ್ಟಿದ್ದ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಎಂದರೆ ಈ ಹೊಸ ಚಿಪ್ಪೇ. ಬೋರ್ಡು ಚೌಕಟ್ಟಿನ ಸಮೇತ ನೇರ ನಮ್ಮ ಬಸ್ ನಿಲ್ದಾಣಕ್ಕೆ ಬಂದು ಗೋಡೆ ಏರಿತು. ಹೊಸ ಚಿಪ್ಪಿನ ಗುರುತಿನ ವಿವರವನ್ನು ವ್ಯಾಪಾರಿ ಫ್ಯಾಕ್ಸ್ ಮಾಡಿದ. ಫ್ಯಾಕ್ಸ್ ಯಂತ್ರವಿದ್ದದ್ದು ನನ್ನ ಪುಟ್ಟ ಕಚೇರಿಯಲ್ಲಿ. ಅದನ್ನು ಫೋನಿನಲ್ಲಿ ಕೊಟ್ಟೂರಿಗೆ ಓದಿ ಹೇಳುವ ಕೆಲಸ ಶನಿವಾರ ನನ್ನ ಪಾಲಿಗೆ ಬಂತು.

ಫೋನಿನಲ್ಲಿ ಓದಿ ಹೇಳುವುದನ್ನು ಸುಲಭವೆಂದುಕೊಂಡವರು ಪತ್ರಿಕೆಯಲ್ಲಿ ಕೆಲಸ ಮಾಡಿಲ್ಲ. ಹಿಂದೊಮ್ಮೆ ನಾನು ಹಂಪಸಾಗರದ ಶಾಲಾ ಕೊಠಡಿಯ ಸುದ್ದಿಯನ್ನು ಫೋನಿನಲ್ಲಿ ಹೇಳಿದ್ದೆ. ಡೆಸ್ಕಿನವರಿಗೆ 'ಹಂಪ' ಕೇಳಿಸದೆ, ತುಂಗಭದ್ರೆಯ ದಂಡೆಯ ಕೊಠಡಿ ಮರುದಿನ ಶಿವಮೊಗ್ಗ ಪುಟದ ಸಾಗರದಲ್ಲಿ ಉದ್ಘಾಟನೆಯಾಗಿತ್ತು. ಅದು ಕೇಳಿಸಿಕೊಂಡವರ ತಪ್ಪು. ನನ್ನ ದಾಖಲೆಗೆ ಸೇರುವುದಿಲ್ಲ. ಆದರೂ ಅಂದಿನಿಂದ ಒಂದು ಶಿಸ್ತು ಇಟ್ಟುಕೊಂಡೆ. ಯಾವ ಅಕ್ಷರವನ್ನೂ ಒಂಟಿಯಾಗಿ ಹೇಳುವುದಿಲ್ಲ. ಜೊತೆಗೊಂದು ಊರನ್ನೋ, ಎಲ್ಲರೂ ಬಲ್ಲ ಗುರುತನ್ನೋ ಕೊಡುತ್ತೇನೆ. ಚಿಪ್ಪಿನ ಗುರುತಿನಲ್ಲಿ ಇದ್ದದ್ದು ನಾಲ್ಕೇ ಸ್ಥಾನ. ಕಂಪ್ಯೂಟರಿನವರ ಲೆಕ್ಕದಲ್ಲಿ ಅಂಕಿಗಳ ನಡುವೆ ಅಕ್ಷರಗಳೂ ಅಂಕಿಯ ವೇಷ ಹಾಕಿ ಕೂತಿರುತ್ತವಂತೆ. ಆ ನಾಲ್ಕನ್ನೂ ನನ್ನ ಶಿಸ್ತಿನಂತೆ ಹೇಳಿದೆ, ಕೊಟ್ರೇಶ ಬರೆದುಕೊಂಡ, "ತಿಳೀತು ಮಾಮಾ, ತಿಳೀತು" ಎಂದ. ಭಾನುವಾರ ಬೆಳಿಗ್ಗೆ ಫೋನ್ ಮಾಡಿ, "ಹಾಜರಿ ಪುಸ್ತಕದಾಗ ಹೆಸರು ಸೇರಿಸೀನಿ. ನಾಳೆ ಫಸ್ಟ್ ಬಸ್ಸಿಗೆ ಬಂದು ತುಂಬಿಬಿಡ್ತೀನಿ, ಹತ್ತು ನಿಮಿಷದ ಕೆಲ್ಸ" ಎಂದ.

ಹತ್ತು ನಿಮಿಷದ ಕೆಲಸ ಎಂಬ ಮಾತನ್ನು ನಂಬಿ ನಾನು ಮಾಡಿದ್ದನ್ನು ಈಗ ಒಪ್ಪಿಕೊಳ್ಳಬೇಕು. ಸೋಮವಾರದ ತಾಲ್ಲೂಕು ಪುಟ ಭಾನುವಾರ ಮಧ್ಯಾಹ್ನಕ್ಕೇ ಮುಗಿಯುತ್ತದೆ. ನಮ್ಮ ಡೆಸ್ಕಿನ ಮುಖ್ಯಸ್ಥರಿಗೆ 'ಲಿದೆ' ಎಂದರೆ ಆಗದು. 'ನಡೆಯಲಿದೆ', 'ಆರಂಭವಾಗಲಿದೆ' ಎಂದು ಬರೆದರೆ, "ಆಗಲಿ ಬಿಡ್ರೀ, ಆದ ಮೇಲೆ ಕಳಿಸ್ರಿ" ಎಂದು ಫೋನ್ ಇಡುತ್ತಿದ್ದರು. ಹೀಗಾಗಿ ನಾನು ತಣ್ಣನೆಯ ಮನಸ್ಸಿನಿಂದ, ಪೂರ್ಣ ಭೂತಕಾಲದಲ್ಲಿ, ಫಲಕವು 'ಸೋಮವಾರ ಬೆಳಿಗ್ಗೆ ಕಾರ್ಯಾರಂಭ ಮಾಡಿದ್ದು, ಪ್ರಯಾಣಿಕರು ಹರ್ಷ ವ್ಯಕ್ತಪಡಿಸಿದ್ದಾರೆ' ಎಂದು ಬರೆದೆ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಗಿರಿಜೆ ಇಣುಕಿ ನೋಡಿ, "ಹರ್ಷ ಯಾವಾಗ ವ್ಯಕ್ತಪಡಿಸಿದ್ರು?" ಎಂದಳು.

"ನಾಳೆ."

"ಅವ್ರಿಗೆ ಗೊತ್ತೈತೇನು?"

ಸೋಮವಾರ ಏಳೂವರೆಗೆ ಪತ್ರಿಕೆಯ ಕಟ್ಟು ಬಂತು. ನನ್ನ ಸುದ್ದಿ ಎರಡು ಕಾಲಂ ಅಗಲದಲ್ಲಿ ನಿಂತಿತ್ತು. ಹತ್ತಕ್ಕೆ ವೀರಭದ್ರಪ್ಪನವರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುವುದೆಂದು ಗೊತ್ತಾಗಿತ್ತು. ನಾನು ನಿಲ್ದಾಣ ತಲುಪಿದಾಗ ಎಂಟು. ಫಲಕ ಕಪ್ಪಗಿತ್ತು. ಕೊಟ್ರೇಶ ಸ್ಟೂಲಿನ ಮೇಲೆ ನಿಂತಿದ್ದ. ಪಾಲಿಟೆಕ್ನಿಕ್ಕಿನ ಗೆಳೆಯನಿಂದ ಕೇಳಿ ತಂದ ಲ್ಯಾಪ್‌ಟಾಪು ಕಂಟ್ರೋಲರ್ ಹನುಮಂತಪ್ಪನವರ ಮೇಜಿನ ಮೇಲಿತ್ತು. ಅದರಿಂದ ಒಂದು ವೈರು ಫಲಕದ ಹೊಟ್ಟೆಯೊಳಗೆ ಹೋಗಿತ್ತು. ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು: ಗುರುತಿಲ್ಲದ ಚಿಪ್ಪು.

ಹನುಮಂತಪ್ಪನವರು ನಮ್ಮ ನಿಲ್ದಾಣದ ದನಿ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಎಂದು ಅವರು ಮೈಕಿನಲ್ಲಿ ಕೂಗಿದರೆ ಚಹಾ ಕುಡಿಯುತ್ತಿದ್ದವರು ಅರ್ಧ ಲೋಟ ಬಿಟ್ಟು ಎದ್ದು ಓಡುತ್ತಿದ್ದರು. ಫಲಕ ಬಂದರೆ ತಮ್ಮ ದನಿಗೆ ಕೆಲಸವಿಲ್ಲವಾಗುತ್ತದೆಂದು ಅವರಿಗೆ ಸ್ವಲ್ಪ ಮುನಿಸಿತ್ತು. ಈಗ ಕಪ್ಪು ಫಲಕದ ಕೆಳಗೆ ಕುರ್ಚಿ ಹಾಕಿಕೊಂಡು, ನಮ್ಮ ಪತ್ರಿಕೆಯನ್ನು ಅಗಲಕ್ಕೆ ಹಿಡಿದು ಕೂತಿದ್ದರು. ಅವರು ಪತ್ರಿಕೆ ಓದುವುದು ಪ್ರತಿ ಸುದ್ದಿಯ ಕೊನೆಯ ಸಾಲಿನಿಂದ; ಮುಖ್ಯವಾದದ್ದನ್ನು ಕೆಳಗೆ ಅಡಗಿಸಿರುತ್ತಾರೆಂದು ಅವರ ನಂಬಿಕೆ.

"ಸಾಹೇಬ್ರ, ಹರ್ಷ ಅಂತ ಬರದೀರಲ್ಲ, ಯಾವ ಹರ್ಷರೀ? ನಮ್ಮ ಹಡಗಲಿ ಗಾಡಿ ಕಂಡಕ್ಟರ್ ಹರ್ಷನಾ? ಅವ ರಜಾ ಮ್ಯಾಲ ಹೋಗ್ಯಾನಲ್ರಿ."

ನಾನು ಹೋಗಿ ಕೊಟ್ರೇಶನ ಸ್ಟೂಲು ಹಿಡಿದುಕೊಂಡೆ. ಎಂಟೂವರೆಗೆ ಅವರು, "ಕಾರ್ಯಾರಂಭ ಮಾಡಿದ್ದು ಅಂತೈತಿ. ಒಳಗೊಳಗ ಮಾಡ್ಯಾದೇನ್ರಿ?" ಎಂದರು. ನನ್ನ ಕಣ್ಣಿಗೆ ಐದನೇ ಪುಟದ ಚೌಕ ಕಾಣುತ್ತಿತ್ತು. ಅದರೊಳಗಿನ ವಾಕ್ಯವನ್ನು ಮನಸ್ಸು ತಾನಾಗಿಯೇ ರಚಿಸತೊಡಗಿತ್ತು: 'ಫಲಕವು ಕಾರ್ಯಾರಂಭ ಮಾಡಿರುವುದಿಲ್ಲ, ಪ್ರಯಾಣಿಕರು ಯಾವುದೇ ಬಗೆಯ ಹರ್ಷವನ್ನು ವ್ಯಕ್ತಪಡಿಸಿರುವುದಿಲ್ಲ.' ವಾಕ್ಯ ಚೆನ್ನಾಗಿ ಬಂದಿದೆ ಎಂದು ಆ ಸಂಕಟದಲ್ಲೂ ಅನ್ನಿಸಿತು.

ಕೊಟ್ರೇಶ ವೈರು ಬಿಚ್ಚಿ ಹಾಕಿದ. ಬೆಸುಗೆ ನೋಡಿದ. ಚಿಪ್ಪಿನ ಮೇಲೆ ಬೆರಳಿಟ್ಟು, ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವಂತೆ ನೋಡಿದ. ಒಂಬತ್ತು ಗಂಟೆಗೆ ಅವನ ಅಂಗಿ ಬೆನ್ನಿಗೆ ಅಂಟಿತ್ತು. ನನ್ನದೂ ಅಂಟಿತ್ತು, ನಾನು ಸ್ಟೂಲು ಹಿಡಿದುಕೊಂಡದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ.

"ಚಿಪ್ಪ ಕೆಟ್ಟೈತಿ ಅನಸ್ತತಿ ಮಾಮಾ. ನೀ ಯಾರು ಅಂತ ಇದು ಕೇಳಾಕತ್ತೈತಿ, ಅದು ಏನೋ ಒದರಾಕತ್ತೈತಿ, ಇದು ಗುರ್ತಿಲ್ಲ ಅನ್ನಾಕತ್ತೈತಿ."

ಹದಿನೇಳು ವರ್ಷದ ಅಭ್ಯಾಸ ಆಗ ಎಚ್ಚರವಾಯಿತು. "ಏನೋ ಅಂದ್ರೆ ಏನು? ಅದು ಏನು ಹೇಳ್ತು ಅನ್ನೋದನ್ನ ಅದರ ಮಾತಿನಲ್ಲೇ ಬರೆಸು" ಎಂದೆ. ಸಾಕ್ಷಿ ಏನೋ ಅಂದ ಎಂದು ಯಾವ ವರದಿಗಾರನೂ ಬರೆಯುವುದಿಲ್ಲ. ಏನಂದನೋ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು.

ಕೊಟ್ರೇಶ ನನ್ನನ್ನು ಒಂದು ಕ್ಷಣ ನೋಡಿ, ಸ್ಟೂಲಿನಿಂದ ಇಳಿದು, ಜವಾನನ ಬಾಯಿಗೆ ಇನ್ನೊಂದು ಸಾಲು ಸೇರಿಸಿದ. ಮತ್ತೆ ತುಂಬಿದ. ತೆರೆಯ ಮೇಲೆ ಚಿಪ್ಪಿನ ಉತ್ತರ ಅಕ್ಷರಶಃ ಬಂತು: ಎರಡು, ಎರಡು, ಡಿ, ಎ.

ನಾನು ಜೇಬಿನಿಂದ ಫ್ಯಾಕ್ಸ್ ಹಾಳೆ ತೆಗೆದೆ. ಎರಡು, ಎರಡು, ಡಿ, ಎ. ಮುದ್ರಿತ ದಾಖಲೆಗೂ ಸಾಕ್ಷಿಯ ಹೇಳಿಕೆಗೂ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. "ನೋಡು, ಸರಿಯಾಗೇ ಹೇಳಿದೀನಿ" ಎಂದೆ, ಅಕ್ಕಪಕ್ಕದವರಿಗೂ ಕೇಳುವಂತೆ.

ಅವನು ತನ್ನ ಚೀಟಿ ತೆಗೆದ. ಅದರಲ್ಲಿದ್ದದ್ದು ಎರಡು, ಎರಡು, ಬಿ, ಎ.

"ನೀವು ಬಿ ಅಂದ್ರಿ, ಮಾಮಾ."

"ನಾನು ಡಿ ಅಂದೆ. ನಿನಗೆ ಕೇಳಿಸಲಿಲ್ಲ ಅಂತ ಬಿಡಿಸಿ ಬೇರೆ ಹೇಳಿದೆ. ನಮ್ಮ ಜಿಲ್ಲೆಯ ಅಕ್ಷರ ಅಂದೆ."

"ಹೌದು! ನಮ್ಮ ಜಿಲ್ಲೆ ಅಕ್ಷರ ಅಂದ್ರಿ. ನಮ್ಮ ಜಿಲ್ಲೆ ಯಾವುದು? ಬಳ್ಳಾರಿ. ಬಿ."

ಐದಾರು ವರ್ಷಗಳ ಹಿಂದೆ ಜಿಲ್ಲೆಗಳನ್ನು ಒಡೆದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಸೇರಿಸಿದ್ದರು. ಕೊಟ್ಟೂರು ಬಳ್ಳಾರಿಯಲ್ಲೇ ಉಳಿದಿತ್ತು. ದಾವಣಗೆರೆಯ ಡೆಸ್ಕಿಗೆ ದಿನಾ 'ನಮ್ಮ ಜಿಲ್ಲೆಯ ಡಿ' ಎಂದು ಹೇಳಿ ಹೇಳಿ ನನ್ನ ನಾಲಿಗೆ ಅದಕ್ಕೆ ಒಗ್ಗಿತ್ತು. ಒಂದು ತಾಸಿನ ದಾರಿಯಾಚೆ ಅದೇ ಮಾತಿಗೆ ಬೇರೆ ಅಕ್ಷರವಿರಬಹುದೆಂದು ಹೊಳೆದಿರಲಿಲ್ಲ.

ಹನುಮಂತಪ್ಪನವರು ಪತ್ರಿಕೆ ಕೆಳಗಿಟ್ಟು ತೀರ್ಪು ಕೊಟ್ಟರು: "ಇಬ್ರೂ ಖರೇನ ಹೇಳೀರಿ ಬಿಡ್ರಿ. ಸರ್ಕಾರದೋರು ಜಿಲ್ಲಾ ಒಡೆಯೋ ಮುಂದ ಈ ಚಿಪ್ಪಿಗೆ ಒಂದ್ಮಾತು ಕೇಳಬೇಕಿತ್ತು."

"ಆದ್ರೂ ಮಾಮಾ, ದಾವಣಗೇರಿ ಅಂದಿದ್ರ ಆಗ್ತಿತ್ತಲ್ಲ?"

"ಹೆಸರು ಹೇಳದಿದ್ದರೂ ತನ್ನ ಅಕ್ಕ ಯಾವ ಜಿಲ್ಲೆಯಲ್ಲಿದ್ದಾಳೆ ಅಂತ ತಮ್ಮನಿಗೆ ಗೊತ್ತಿರಬೇಕು" ಎಂದೆ. ತಪ್ಪು ಕೇಳಿಸಿಕೊಂಡವನದೇ ಎಂಬ ನನ್ನ ಹಳೆಯ ನಿಲುವಿಗೆ ಬದ್ಧನಾಗಿದ್ದೆ. "ನಾನು ಈ ಜಿಲ್ಲೆಯಲ್ಲಿ ಕೂತು ಬರೆಯೋನು. ಊರು ಯಾವ ಜಿಲ್ಲೆಗೆ ಸೇರಿದ್ದು ಅನ್ನೋದರಲ್ಲಿ ನನಗೆ ಗೊಂದಲ ಇಲ್ಲ."

ಕೊಟ್ರೇಶ ಒಂದಕ್ಷರ ಬದಲಿಸಿದ. ಹತ್ತಕ್ಕೆ ಏಳು ನಿಮಿಷವಿದ್ದಾಗ ಜವಾನ ಎಲ್ಲರ ಹಾಜರಿ ತೆಗೆದುಕೊಂಡು ಸಾಹೇಬನನ್ನು ಕರೆದ. ಫಲಕ ಒಮ್ಮೆ ಮಿಣುಕಿ, 'ಕೊಟ್ಟೂರು' ಎಂದು ಕೆಂಪಗೆ ಓಡತೊಡಗಿತು. ಹಿಂದಿನಿಂದ ಕೂಡ್ಲಿಗಿ ಬಂತು, ಹಗರಿಬೊಮ್ಮನಹಳ್ಳಿ ತನ್ನ ಉದ್ದಕ್ಕೆ ತಕ್ಕಂತೆ ನಿಧಾನವಾಗಿ ಹಾದುಹೋಯಿತು. ವೀರಭದ್ರಪ್ಪನವರ ಮನೆಯವರು ಬಂದಾಗ ಎಲ್ಲವೂ ಪತ್ರಿಕೆಯಲ್ಲಿ ಬರೆದಂತೆಯೇ ಇತ್ತು. ಬುತ್ತಿಗಂಟು ಹಿಡಿದ ಅಜ್ಜಿಯೊಬ್ಬಳು ಫಲಕದ ಕೆಳಗೇ ಬಂದು ನಿಂತು, ತಲೆಯೆತ್ತಿ ಅದನ್ನು ಎರಡು ಸುತ್ತು ನೋಡಿ, "ಹನುಮಂತಪ್ಪಾ, ತಂಬ್ರಹಳ್ಳಿ ಕಡೆ ಬಸ್ ಯಾವ್ದೋ?" ಎಂದು ಕೇಳಿದಳು. ಹನುಮಂತಪ್ಪನವರ ಮುನಿಸು ಆ ಕ್ಷಣಕ್ಕೆ ಇಳಿಯಿತು.

"ಈಗ ಸುದ್ದಿ ಖರೇ ಆತಲ್ಲ, ಮೊದ್ಲಿಂದ ಓದ್ತೀನಿ" ಎಂದು ಅವರು ಮತ್ತೆ ಪತ್ರಿಕೆ ಎತ್ತಿಕೊಂಡರು. ನಾನು ಕೈಕಟ್ಟಿ ನಿಂತೆ. ಬೆಳಗಿನಿಂದ ಮೊದಲ ಬಾರಿಗೆ ಉಸಿರು ಸಲೀಸಾಗಿತ್ತು. ಅವರು ಬೆರಳಿಟ್ಟು, ಮೈಕಿಲ್ಲದಿದ್ದರೂ ಮೈಕಿನ ದನಿಯಲ್ಲಿ, ಮೊದಲ ವಾಕ್ಯವನ್ನು ಓದಿದರು.

"ಬಳ್ಳಾರಿ ಜಿಲ್ಲೆಯ ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ..."

ಬೆರಳು ಅಲ್ಲೇ ನಿಂತಿತು. ನಾನು ಬಗ್ಗಿ ನೋಡಿದೆ. ಡೆಸ್ಕಿನವರು ತಿದ್ದಿರಬೇಕೆಂದು ಕಚೇರಿಗೆ ಓಡಿಹೋಗಿ ನನ್ನ ಕೈಬರಹದ ಪ್ರತಿಯನ್ನೂ ನೋಡಿದೆ. ಅವರು ಏನನ್ನೂ ತಿದ್ದಿರಲಿಲ್ಲ. ತಿದ್ದಬೇಕಿತ್ತು. ನಾಲಿಗೆ ಹೊಸ ಜಿಲ್ಲೆಗೆ ಒಗ್ಗಿದ್ದರೂ ಕೈ ಇನ್ನೂ ಹಳೆಯ ಜಿಲ್ಲೆಯಲ್ಲೇ ಉಳಿದಿತ್ತು.

ಚೌಕ ಬುಧವಾರ ಬಂತು; ಟೆಂಡರ್ ಪ್ರಕಟಣೆಯ ಕೆಳಗೆ, ನಾಲ್ಕೇ ಸಾಲು. ಗಿರಿಜೆ ಅದನ್ನು ನೀಟಾಗಿ ಕತ್ತರಿಸಿ ಕ್ಯಾಲೆಂಡರಿನ ಮೇಲೆ ಅಂಟಿಸಿದಳು. ಅಂದೇ ಮಧ್ಯಾಹ್ನ ಕೊಟ್ಟೂರಿನಿಂದ ಫೋನ್ ಬಂತು. ತಿದ್ದುಪಡಿಯನ್ನು ಕೊಟ್ರೇಶ ನನಗೇ ಓದಿ ಹೇಳಿದ, ನಡುನಡುವೆ ನಿಲ್ಲಿಸಿ, "ಯಾವ ಜಿಲ್ಲೆ ಅಂದ್ರಿ ಮಾಮಾ, ಸರಿಯಾಗಿ ಕೇಳಿಸ್ಲಿಲ್ಲ" ಎಂದು ಮೂರು ಸಲ ಕೇಳಿದ.

ಹರ್ಷ ವ್ಯಕ್ತಪಡಿಸಿದ್ದಾರೆ ಎಂದು ಬರೆದಿದ್ದೆನಲ್ಲ, ಆ ಭಾಗಕ್ಕೆ ಮಾತ್ರ ತಿದ್ದುಪಡಿಯ ಅಗತ್ಯ ಉಳಿಯಲಿಲ್ಲ.