ನಮ್ಮ ಜಾಕೆಟ್‌ಗಳು ಮಾತ್ರ ಹಾರುತ್ತವೆ

ಪೀಣ್ಯದ ನಮ್ಮ ಶೆಡ್ಡಿನಲ್ಲಿ ದಿನಕ್ಕೊಂದಾದರೂ ನಗುವ ಸಂಗತಿ ನಡೆಯಲಿಲ್ಲವೆಂದರೆ ಅವತ್ತು ರಜೆ ಎಂದೇ ಅರ್ಥ. ವಿಮಾನದ ಲೈಫ್ ಜಾಕೆಟ್ಟುಗಳನ್ನು ತರಿಸಿಕೊಂಡು, ಗಾಳಿ ತುಂಬಿ, ಸೋರುತ್ತವೆಯೇ ಎಂದು ನೋಡಿ, ಮಡಚಿ ವಾಪಸು ಕಳಿಸುವುದು ನಮ್ಮ ಕೆಲಸ. ಅವು ದೇಶ ದೇಶ ಹಾರಿ ಬರುತ್ತವೆ. ನಾವು ನಾಗಸಂದ್ರದ ಬಾಡಿಗೆ ರೂಮಿನಿಂದ ನಡೆದು ಬರುತ್ತೇವೆ. ಬಾಗಲಕೋಟೆ ಕಡೆಯಿಂದ ಬಂದ ನನಗೆ ಇದ್ದದ್ದು ಒಂದೇ ಆಸೆ. ವಿಮಾನ ನೆಲ ಬಿಡುವ ಗಳಿಗೆಯಲ್ಲಿ ಕಿಟಕಿಯಿಂದ ಕೆಳಗೆ ನೋಡಬೇಕು. ಜಾಕೆಟ್ ಮಡಚುವಾಗಲೆಲ್ಲ ನಿಜವಾಗಿಯೂ ಹೊಟ್ಟೆಕಿಚ್ಚಾಗುತ್ತಿತ್ತು.

ಕಿಟಕಿ ಸೀಟು

ಜಾಕೆಟ್ ಇಡುವ ಚೀಲದ ಅಳತೆ ನೋಡಲೆಂದು ಹಳೇ ವಿಮಾನದ ಮೂರು ಸೀಟಿನ ಸಾಲೊಂದನ್ನು ಗೋಡೆಗೆ ಒತ್ತಿ ಇಟ್ಟಿದ್ದಾರೆ. ಮಧ್ಯಾಹ್ನ ಬುತ್ತಿ ಬಿಚ್ಚಲು ಅದಕ್ಕೇ ಪೈಪೋಟಿ, ಅದರಲ್ಲೂ ಗೋಡೆ ಪಕ್ಕದ್ದಕ್ಕೆ. ಅದು ಕಿಟಕಿ ಸೀಟಂತೆ! ಒಂದು ದಿನ ಪ್ಯಾಕಿಂಗ್‌ನ ರಾಯಚೂರಿನ ಹುಡುಗಿ ಊಟ ಮುಗಿದರೂ ಏಳಲಿಲ್ಲ.

"ಏಳವಾ, ನನ್ನ ಪಾಳಿ" ಎಂದೆ.

ಬೆಲ್ಟು ಬಿಗಿದುಕೊಂಡೇ ಹೇಳಿದಳು: "ತಡಿಯಕ್ಕಾ, ವಿಮಾನ ಇನ್ನಾ ಇಳಿದಿಲ್ಲ."

ಓನರ್ ಅಜ್ಜ

ನಮ್ಮ ಮನೆ ಓನರ್ ಇಲ್ಲಿನ ಹಳಬರು. ರಾಗಿ ಬೆಳೆಯುತ್ತಿದ್ದ ಕಡೆ ಈಗ ರೂಮುಗಳನ್ನು ಬೆಳೆಸಿದ್ದಾರೆ. ಒಮ್ಮೆ ಕೇಳಿದರು, "ದಿಲ್ಲಿಗೆ ಓಗೋ ದಾರೀಲಿ ಸಮುದ್ರ ಎಲ್ಲೈತಮ್ಮ? ಜಾಕೆಟ್ ಯಾಕೆ?"

"ದಡ ಬಿಟ್ಟು ದೂರ ನೀರಿನ ಮ್ಯಾಲೆ ಹೋಗೋ ವಿಮಾನಕ್ಕ ಬೇಕೇ ಬೇಕಂತ ರೂಲ್ ಐತ್ರಿ ಅಜ್ಜಾರ. ಇವತ್ತು ದಿಲ್ಲಿಗೆ ಹೋದದ್ದು ನಾಳೆ ದುಬೈಗೆ ಹೋಗ್ತೈತಲ್ರಿ."

ಅಜ್ಜ ಗಡ್ಡ ಕೆರೆದುಕೊಂಡರು. "ಅಂಗಾರೆ ಮಳೆಗಾಲಕ್ಕೆ ನಮ್ ಗ್ರೌಂಡ್ ಫ್ಲೋರ್‌ನೋರಿಗೂ ಒಂದೊಂದು ತಂದ್ಕೊಡು. ಬಾಡಿಗೆ ಜಾಸ್ತಿ ಕೇಳ್ಬೋದು!"

ಯಾವುದು ಬೇಕು?

ಕೊನೆಗೂ ನನ್ನ ದಿನ ಬಂತು. ಮುಂಬೈಯ ಗ್ರಾಹಕರಿಗೆ ಜಾಕೆಟ್ ಮಡಚುವ ಕ್ರಮ ತೋರಿಸಬೇಕಿತ್ತು. ಶೆಡ್ಡಿನ ಮಾಲೀಕರ ಕಾಲು ಉಳುಕಿತ್ತು. "ನೀನೇ ಹೋಗ್ಬಿಟ್ಟು ಬಾರಮ್ಮ. ಹೋಗ್ತಾ ಫ್ಲೈಟು, ಬರ್ತಾ ಬಸ್ಸು" ಎಂದರು. ನಾನು ಸಂಭ್ರಮದಲ್ಲಿ ಒಂದು ಜಾಕೆಟ್ಟನ್ನೇ ಬ್ಯಾಗಿಗೆ ತುರುಕಿಕೊಂಡು ಹೊರಟೆ. ಏರ್‌ಪೋರ್ಟಿನ ತಪಾಸಣೆಯವರು ಹಿಡಿದರು.

"ಇದ್ರಲ್ಲಿ ಜಾಕೆಟ್ ಉಬ್ಬಿಸೋ ಗ್ಯಾಸ್ ಸಿಲಿಂಡರ್ ಇದೆ. ಪರ್ಮಿಷನ್ ಇಲ್ದೆ ವಿಮಾನದೊಳಗೆ ಬಿಡಲ್ಲ."

"ಸಾರ್, ಇದು ಒಳಗ ಇಲ್ದಿದ್ರ ವಿಮಾನಾನೇ ಬಿಡಂಗಿಲ್ರಿ!"

"ಅದು ವಿಮಾನದ್ದು, ಇದು ನಿಮ್ದು. ವಿಮಾನ ಬೇಕಾ, ಜಾಕೆಟ್ ಬೇಕಾ?"

ಇಷ್ಟು ವರ್ಷ ಅನ್ನ ಹಾಕಿದ ಜಾಕೆಟ್ಟನ್ನು ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟೆ.

ನೆಲ ಬಿಟ್ಟಾಗ

ಕಿಟಕಿ ಸೀಟೇ ಸಿಕ್ಕಿತು. ಕಣ್ಣು ತುಂಬಿ ಬಂತು. ವಿಮಾನ ಮೆಲ್ಲಗೆ ಉರುಳತೊಡಗಿದಾಗ ಕೈ ತಾನಾಗಿ ಸೀಟಿನಡಿ ಹೋಯಿತು. ಚೀಲ ಸಿಕ್ಕಿತು, ಆದರೆ ಸರಿಯಾಗಿ ಕೂತಿದೆಯೇ? ನಮ್ಮ ಶೆಡ್ಡಿನ ಗುರುತು ಇದೆಯೇ? ಸೊಂಟಕ್ಕೆ ಬೆಲ್ಟು, ಬಗ್ಗಲು ಆಗದು. ಹೇಗೋ ತಲೆ ತೂರಿಸಿ ಹುಡುಕಿದೆ. ಇತ್ತು, ನಮ್ಮದೇ!

ಪಕ್ಕದ ಹೆಂಗಸು ಗಾಬರಿಯಿಂದ ಕಾಗದದ ಚೀಲ ಚಾಚಿದರು. "ವಾಂತಿ ಬರ್ತಿದ್ಯಾ? ಇದ್ರಲ್ಲಿ ಮಾಡ್ಕೊಳ್ಳಿ."

"ಇಲ್ರಿ ಅಕ್ಕಾರ, ಜಾಕೆಟ್ ನೋಡಾಕತ್ತಿದ್ನಿ" ಎಂದು ತಲೆ ಎತ್ತಿದೆ. ಕಿಟಕಿಯಾಚೆ ಬರೀ ಬಿಳಿ ಮೋಡ. ನೆಲ ಯಾವಾಗಲೋ ಬಿಟ್ಟಾಗಿತ್ತು. ಮುಂಬೈವರೆಗೂ ಮೋಡ ಕದಲಲಿಲ್ಲ. ನಾನೂ ಕದಲಲಿಲ್ಲ. ಬರುವಾಗ ಬಸ್ಸು.

ಮರಳಿ ಶೆಡ್ಡಿಗೆ ಕಾಲಿಟ್ಟರೆ ಎಲ್ಲರೂ ಕೆಲಸ ಬಿಟ್ಟು ಸುತ್ತುಗಟ್ಟಿದರು. ಯಾರೂ ಹಾರಿದವರಲ್ಲ. ಆ ಮುಖಗಳಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

"ಹೇಳಕ್ಕಾ, ನೆಲ ಬಿಟ್ಟಾಗ ಹೆಂಗ ಕಾಣ್ತು?" ರಾಯಚೂರಿನವಳು ಕೇಳಿದಳು.

"ಸೀಟಿನ ಕೆಳಗ ಎಲ್ಲಾ ಬರೋಬ್ಬರಿ ಐತಿ."

"ಮತ್ತ ಹೊರಗ?"

"ಹೊರಗಿನ ತಪಾಸಣೆಗೆ ಇನ್ನೊಬ್ಬರನ್ನ ಕಳಸ್ರಿ!"